ಕ್ಲಾರಿಸ್ಸಾಳ ಇಟಲಿಯಲ್ಲಿ ರೋಮ್ ಇರಲಿಲ್ಲ

ಗ್ರೀನ್‌ಫರ್ಡಿನ ಆ ಮನೆಯಲ್ಲಿ ಆ ವಸಂತವಿಡೀ ಊಟದ ಮೇಜು ಊಟಕ್ಕೆ ಸಿಗಲಿಲ್ಲ. ಅದರ ತುಂಬ ಇಟಲಿ ಹರಡಿಕೊಂಡಿತ್ತು. ಮೇಲ್ತುದಿಯಲ್ಲಿ ಕೊಮೊ ಸರೋವರ, ಕಾಲು ಚಾಚಿ ಮಲಗಿದ ಮಗುವಿನ ಹಾಗೆ. ಅಲ್ಲಿಂದ ಕೆಳಗಿಳಿದರೆ ಜಿನೋವಾ. ಅದರಾಚೆ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಹೇಗೋ ಜಾಗ ಮಾಡಿಕೊಂಡು ಕೂತ ಪುಟ್ಟ ಊರುಗಳು. ಕ್ಲಾರಿಸ್ಸಾ ಸಂಜೆ ಆಫೀಸಿನಿಂದ ಬಂದವಳೇ ಕೋಟು ಕೂಡ ಬಿಚ್ಚದೆ ಆ ನಕ್ಷೆಯ ಮೇಲೆ ಬಾಗುತ್ತಿದ್ದಳು. ದೋಣಿ ಎಲ್ಲಿಂದ, ರೈಲು ಎಲ್ಲಿಗೆ, ಕಿಟಕಿ ತೆರೆದರೆ ನೀರು ಕಾಣುವ ಕೋಣೆ ಯಾವ ಊರಿನಲ್ಲಿ, ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ತಾನೇ ಹುಡುಕಿ ಗೊತ್ತುಮಾಡಿದ್ದಳು. ಅವಳು ಈವರೆಗೆ ನೋಡಿದ ಪರವೂರುಗಳೆಲ್ಲ ಇಗರ್ಜಿಯ ಬಸ್ಸಿನ ಕಿಟಕಿಯಿಂದ ನೋಡಿದವು. ಈ ಸಲ ಒಬ್ಬಳೇ ಹೋಗುವವಳು.

ಎಡವಟ್ಟಾದದ್ದು ಅಮ್ಮ ಜೂಡಿತಳಿಂದ. ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿದು ಎಲ್ಲರೂ ಚಹಾ ಕುಡಿಯುವಾಗ, "ನಮ್ಮ ಕ್ಲಾರಿಸ್ಸಾ ಇಟಲಿಗೆ ಹೋಗ್ತಾಳೆ," ಎಂದುಬಿಟ್ಟಳು. ಅಷ್ಟು ಸಾಕಾಯಿತು. ಮಂಗಳೂರು ಕಡೆಯಿಂದ ವಿಲಾಯತಿಗೆ ಬಂದು ನೆಲೆಸಿದ ಆ ಮಂದಿಗೆ ಇಟಲಿ ಎಂದರೆ ರೋಮ್, ರೋಮ್ ಎಂದರೆ ಪೋಪರು, ಪೋಪರು ಎಂದರೆ ಆಶೀರ್ವಾದ. ಮರುವಾರವೇ ಹತ್ತಿರದ ಪಿನ್ನರಿನಿಂದ ಜೂಡಿತಳ ಅಕ್ಕ ಅನ್ನೆಟ್ ಬಂದು, ಕೈಯಲ್ಲಿದ್ದ ಚೀಲವನ್ನು ಮೇಜಿನ ಮೇಲೆ ಮಗುಚಿದಳು. ಜಪಸರಗಳ ರಾಶಿ! ಬಿಳಿಯದು, ನೀಲಿಯದು, ಹವಳದ್ದು, ಪ್ಲಾಸ್ಟಿಕ್ಕಿನದು. ಕೊಮೊ ಸರೋವರ ಅದರಡಿ ಮುಳುಗಿಹೋಯಿತು.

"ಎಲ್ಲರೂ ಕೊಟ್ಟಿದ್ದಾರೆ ಬಾಯ್. ಪೋಪರು ಕೈ ಎತ್ತುವಾಗ ಇವನ್ನು ಮೇಲೆ ಹಿಡಿದರಾಯ್ತು." ಮುದ್ದಿನ ಹೆಣ್ಣುಮಕ್ಕಳೆಲ್ಲ ಅನ್ನೆಟ್‌ಳ ಬಾಯಲ್ಲಿ 'ಬಾಯ್'.

"ಮಾವ್ಶಿ, ನಾನು ರೋಮಿಗೆ ಹೋಗೋದಿಲ್ಲ."

"ಇಟಲಿಗೆ ಹೋಗಿ ರೋಮಿಗೆ ಹೋಗದೆ ಎಂತ ಮಾಡ್ತಿ? ಮೀನು ಹಿಡೀತೀಯಾ?"

"ಹಿಡಿಯೋದಿಲ್ಲ. ತಿಂತೇನೆ."

ಜೂಡಿತಳಿಗೆ ನಗು ತಡೆಯಲಾಗಲಿಲ್ಲ. ಅನ್ನೆಟ್ ತಂಗಿಯತ್ತ ಕಣ್ಣು ಬಿಟ್ಟಳು. "ನಗು ನೀನು! ಆ ಟಿಕೆಟ್ ಬಿಡು ಬಾಯ್. ಅಕ್ಟೋಬರಿನಲ್ಲಿ ನಮ್ಮ ಬಸ್ಸು ರೋಮಿಗೆ ಹೊರಡ್ತದೆ. ನನ್ನ ಪಕ್ಕದಲ್ಲೇ ಸೀಟು ಉಂಟು."

ಜೂಡಿತ್ ಮಗಳ ಕಿವಿಯಲ್ಲಿ ಪಿಸುಗುಟ್ಟಿದಳು: "ಹೂಂ ಅಂದು ತಕ್ಕೊಂಡುಬಿಡು. ಅಲ್ಲೇ ಯಾವುದಾದ್ರೂ ಪಾದ್ರಿಯಿಂದ ತೀರ್ಥ ಚಿಮುಕಿಸಿ ತಾ. ಯಾರಿಗೆ ಗೊತ್ತಾಗ್ತದೆ?"

ಒಂದು ಗಳಿಗೆ ಕ್ಲಾರಿಸ್ಸಾಳಿಗೂ ಅದೇ ಸುಲಭ ಎನಿಸಿತು. ಆದರೆ ವಾಪಸು ಬಂದು ಪ್ರತಿ ಭಾನುವಾರ ಕಾಣದ ರೋಮನ್ನು ವರ್ಣಿಸುತ್ತ ಕೂತರೆ, ಕಂಡ ಸರೋವರದ ಗತಿಯೇನು? ಅವಳು ಜಪಸರಗಳನ್ನು ಒಂದೊಂದಾಗಿ ಬಿಡಿಸಿ ಚೀಲಕ್ಕೆ ತುಂಬಿದಳು.

"ಇವು ನಿಮ್ಮ ಬಸ್ಸಿನಲ್ಲೇ ಹೋಗಲಿ ಮಾವ್ಶಿ. ನಾನು ಒಬ್ಬಳೇ ಹೋಗ್ತೇನೆ."

"ಊಟಕ್ಕೆ ಕೂತಾಗ ಯಾರ ಹತ್ತಿರ ಮಾತಾಡ್ತಿ?"

"ಯಾರ ಹತ್ತಿರವೂ ಇಲ್ಲ."

"ಬೆಳಿಗ್ಗೆ ಎಬ್ಬಿಸೋದು ಯಾರು?"

"ಯಾರೂ ಎಬ್ಬಿಸೋದಿಲ್ಲ."

"ಬಾತ್‌ರೂಮಿಗೆ ಕ್ಯೂ?"

"ಇಲ್ಲವೇ ಇಲ್ಲ."

ಅನ್ನೆಟ್ ಕುರ್ಚಿ ಎಳೆದು ಕೂತಳು. ಅದೆಷ್ಟೋ ಸಲ ಇಟಲಿಗೆ ಹೋಗಿ ಬಂದವಳು. ಪ್ರತಿ ಸಲವೂ ಬಸ್ಸಿನ ಬಾಗಿಲಲ್ಲಿ ನಿಂತು ಮಂದಿಯ ತಲೆ ಎಣಿಸುವುದು ಅವಳದೇ ಪಾಲಿನ ಕೆಲಸ.

"ಎಂಥ ಸುಖ ಮಾರಾಯ್ತಿ!" ಎಂದಳು. "ನಾನೂ ಬರ್ತೇನೆ."

ಕ್ಲಾರಿಸ್ಸಾ ಚೀಲವನ್ನು ಕೆಳಗಿಟ್ಟಳು. ಈ ಮಾವ್ಶಿಯ ಮಾತಿಗೆ ಮನೆಯಲ್ಲಿ ಯಾರೂ ಈವರೆಗೆ 'ಆಗೋದಿಲ್ಲ' ಎಂದದ್ದಿಲ್ಲ.

"ನೀವು ಬಂದ್ರೆ ನಾನು ಒಬ್ಬಳೇ ಆಗೋದಿಲ್ಲವಲ್ಲ ಮಾವ್ಶಿ."

ಅನ್ನೆಟ್‌ಳ ಮುಖ ಮೊದಲು ಕೆಂಪಾಯಿತು, ಆಮೇಲೆ ನಿಧಾನಕ್ಕೆ ಸಡಿಲಾಯಿತು.

"ಅದೂ ಹೌದು. ನೀನು ಇದ್ರೆ ನಾನೂ ಒಬ್ಬಳೇ ಆಗೋದಿಲ್ಲ." ನಕ್ಷೆಯನ್ನು ತನ್ನತ್ತ ಎಳೆದುಕೊಂಡಳು. "ನೀನು ಹೋಗಿ ಬಾ. ಆಮೇಲೆ ನನಗೂ ಹೀಗೇ ಒಂದು ಪ್ಲಾನ್ ಮಾಡಿಕೊಡು. ಒಬ್ಬಳಿಗೆ. ನಿನ್ನ ಅಂಕಲಿಗೆ ನಾನೇ ಹೇಳ್ತೇನೆ, ಈಗಲ್ಲ."

"ಅಕ್ಕಾ!"

"ಸುಮ್ಮನಿರು ಜೂಡಿ. ಹೇಳು ಬಾಯ್, ರೈಲಿನಲ್ಲಿ ಯಾವ ಬದಿ ಕೂತರೆ ಸಮುದ್ರ ಕಾಣ್ತದೆ?"

"ಜಿನೋವಾದಿಂದ ಕೆಳಗಿಳಿಯುವಾಗ ಬಲಬದಿ," ಎಂದಳು ಕ್ಲಾರಿಸ್ಸಾ, ಆಗಲೇ ಆ ಕಿಟಕಿಯ ಪಕ್ಕ ಕೂತವಳಂತೆ. "ಆದ್ರೆ ಸುರಂಗ ಬಹಳ ಮಾವ್ಶಿ. ಕಂಡಿತು ಅನ್ನುವಷ್ಟರಲ್ಲಿ ಹೋಗ್ತದಂತೆ, ಹೋಯ್ತು ಅನ್ನುವಷ್ಟರಲ್ಲಿ ಮತ್ತೆ ಬರ್ತದಂತೆ."