ಅಣ್ಣಪ್ಪಣ್ಣ ಕೇಳದ ಹೆಸರು

ನನ್ನ ಗಂಡನ ಹೆಸರನ್ನು ನಾನು ಇಲ್ಲಿಯೂ ಬರೆಯುವುದಿಲ್ಲ. ಅಂಕಿತಾಳ ಅಪ್ಪ ಎಂದರೆ ಸಾಕು, ನಮ್ಮ ಕೇರಿಯ ನಾಯಿಗೂ ಗೊತ್ತಾಗುತ್ತದೆ. ಹೆಂಡತಿ ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಸವೆಯುತ್ತದೆ ಎಂದು ನನ್ನ ತಾಯಿ ಹೇಳಿಕೊಟ್ಟಿದ್ದಳು, ಅವಳಿಗೆ ಅವಳ ತಾಯಿ. ನಗುವವರು ನಗಲಿ. ಅವರ ಗಂಡಂದಿರು ಕುಮಟೆಯಲ್ಲಿ ಫ್ಯಾನಿನ ಕೆಳಗೆ ಕೂತು ದುಡಿಯುತ್ತಾರೆ. ನನ್ನವರು ಹೊಳೆಯಾಚೆಯ ತದಡಿ ಬಂದರಿನ ಮೀನಿನ ಟ್ರಾಲ್ ಬೋಟಿನಲ್ಲಿ ವಾರಗಟ್ಟಲೆ ಸಮುದ್ರದ ಮೇಲಿರುತ್ತಾರೆ.

ನಮ್ಮ ಕೇರಿಯ ಹೇಮಾ ಒಮ್ಮೆ ಬ್ಯಾಂಕಿನಲ್ಲಿ ಬಾಯ್ತಪ್ಪಿ ಗಂಡನ ಹೆಸರು ಹೇಳಿದಳು. ಅದೇ ವಾರ ಅವಳ ಗಂಡ ಶಿವ, ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ದೋಣಿ ಮಗುಚಿ ತೀರಿಕೊಂಡ. ಕುಡಿದಿದ್ದ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಆದರೆ ಗೊತ್ತಿರುವುದು ಬೇರೆ, ಹೆದರುವುದು ಬೇರೆ.

ನಮ್ಮ ಪೋಸ್ಟಿನ ಅಣ್ಣಪ್ಪಣ್ಣನಿಗೆ ಇದೆಲ್ಲ ಗೊತ್ತಿತ್ತು. ಸಹಿ ಹಾಕಿಸಿಕೊಳ್ಳಬೇಕಾದ ಲಕೋಟೆ ಬಂದರೆ ಅಂಗಳದಲ್ಲಿ ಸೈಕಲ್ ನಿಲ್ಲಿಸಿ, ಇವರ ಹೆಸರನ್ನು ತಾನೇ ಹೇಳಿ, "ಅವ್ನ ಹೆಂಡ್ತಿ ನಾಗು ನೀನೇ ಅಲ್ದಾ?" ಎನ್ನುತ್ತಿದ್ದ. ನಾನು ತಲೆಯಾಡಿಸಿದರೆ ಆಯಿತು. ನಾಗು ಎನ್ನುವವರು ನಮ್ಮ ಕೇರಿಯಲ್ಲಿ ಐದು ಜನ. ಒಬ್ಬಳ ಕಾಗದ ಇನ್ನೊಬ್ಬಳಿಗೆ ಹೋದದ್ದಿಲ್ಲ. ಒಬ್ಬಳ ಬಾಯಿಂದಲೂ ಗಂಡನ ಹೆಸರು ಹೊರಡಿಸಿದ್ದಿಲ್ಲ. ಹಾಸಿಗೆ ಹಿಡಿದಿರುವ ನನ್ನ ಅತ್ತೆ ಮಂಜಿಗೆ ಪಿಂಚಣಿಯನ್ನು ಒಳಕೋಣೆಗೇ ಬಂದು ಕೈಯಲ್ಲಿ ಕೊಟ್ಟು, ಕೆಮ್ಮು ಹೇಗಿದೆ ಎಂದು ಕೇಳಿ ಹೋಗುತ್ತಿದ್ದ.

ಈ ಪೋಸ್ಟಾಫೀಸನ್ನು ಮುಚ್ಚುವ ಮಾತು ಬಂತು. ನಮ್ಮದನ್ನೂ ಅಕ್ಕಪಕ್ಕದ ಊರಿನದನ್ನೂ ಸೇರಿಸಿ ಕುಮಟೆಯಲ್ಲೊಂದು ಕೇಂದ್ರ ಮಾಡುತ್ತಾರಂತೆ, ಜನ ಏನು ಹೇಳುತ್ತಾರೆಂದು ಕೇಳಲು ಶಾಲೆಯಲ್ಲಿ ಸಭೆಯಂತೆ. ಹೆಂಗಸರೆಲ್ಲ ಸೇರಿ, "ನಾಗು, ನಿಂಗೆ ಬಾಯಿ ಉಂಟು, ನೀನೇ ಮಾತಾಡು" ಎಂದು ನನ್ನನ್ನು ಮುಂದೆ ತಳ್ಳಿದರು. ನಾನೂ ಉಬ್ಬಿದೆ.

ಆದರೆ ಸಭೆಯ ಹಿಂದಿನ ದಿನ ಗಾಳಿ ಎದ್ದಿತು. ಬೋಟುಗಳೆಲ್ಲ ವಾಪಸು ಬರಬೇಕು ಎಂದು ತದಡಿಯಲ್ಲಿ ಮೈಕಿನಲ್ಲಿ ಕೂಗಿದರು. ಒಂದೊಂದಾಗಿ ಬಂದವು. ಇವರ ಬೋಟು ಬರಲಿಲ್ಲ. ಫೋನು ಮಾಡಿದರೆ ಅದೇ ಹೆಣ್ಣು, ಅದೇ ನಯವಾದ ದನಿ, ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎನ್ನುತ್ತಿದ್ದಳು. ಅವಳ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತು.

"ಅವ ಬಂದ್ನನೇ?" ಎಂದು ಸಭೆಯ ದಿನ ಅತ್ತೆ ಬೆಳಗಿನಿಂದ ಕೇಳುತ್ತಲೇ ಇದ್ದಳು.

"ಬರ್ತ್ರು, ನೀವು ಗಂಜಿ ಉಣ್ಣಿ."

"ನೀ ಎಲ್ಗೆ ಹೊಂಟೆ? ಊರಿಗೆ ಉಪಕಾರ ಮಾಡ್ಬೇಡ, ಹೆಣಕ್ಕೆ ಶೃಂಗಾರ ಮಾಡ್ಬೇಡ ಅಂತ್ರು ಹಿರೇರು."

ಗಾದೆಗೇನೋ ಅರ್ಥವಿತ್ತು. ಆದರೆ ಗಂಡ ಸಮುದ್ರದ ಮೇಲಿರುವಾಗ ಹೆಣ ಎನ್ನುವ ಮಾತು ಆಡಬಾರದಿತ್ತು. ಮಗಳು ಅಂಕಿತಾಳ ಕೈ ಹಿಡಿದುಕೊಂಡು ಶಾಲೆಗೆ ಹೋದೆ.

ಅಂಚೆಯ ಅಧಿಕಾರಿ ಅನಂತಮೂರ್ತಿಯವರು ಒಳ್ಳೆಯವರಂತೆಯೇ ಕಂಡರು. "ಇದು ಇನ್ನೂ ಪ್ರಸ್ತಾಪ, ನಿರ್ಧಾರ ಅಲ್ಲ" ಎಂದು ಗೋಡೆಯ ಮೇಲೆ ಚಿತ್ರ ತೋರಿಸಿ ವಿವರಿಸಿದರು. ಕುಮಟೆಯಿಂದ ದಿನಾ ವ್ಯಾನು ಬರುತ್ತದೆ. ಪಾರ್ಸೆಲ್ಲು ಬೇಗ ಸಿಗುತ್ತದೆ. ವ್ಯಾನಿನ ಸಿಬ್ಬಂದಿ ಬದಲಾಗುತ್ತಿರುತ್ತಾರೆ, ಆದ್ದರಿಂದ ತೆಗೆದುಕೊಳ್ಳುವವರು ತಮ್ಮ ಹೆಸರು, ಗಂಡನ ಅಥವಾ ತಂದೆಯ ಹೆಸರು, ಮೊಬೈಲಿಗೆ ಬಂದ ನಂಬರು ಇಷ್ಟನ್ನು ಬಾಯಿಬಿಟ್ಟು ಹೇಳಬೇಕು. ಗಂಡನ ಹೆಸರು ಎಂದಾಗ ಹೆಂಗಸರ ಸಾಲಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂಗಡಿಯ ಉಮೇಶ ಎದ್ದು ನಿಂತ. "ಸಾರ್, ಕಾಗ್ದ ಈಗ ಯಾರು ಬರೀತ್ರು? ನನ್ನ ಪಾರ್ಸೆಲ್ಲು ಕುಮ್ಟೆಲೇ ಬಿದ್ಕಂಡಿರ್ತದೆ. ಅಣ್ಣಪ್ಪಣ್ಣನ ಸೈಕಲ್ಲಲ್ಲಿ ಎಷ್ಟು ತರೂಕೆ ಆಗ್ತದೆ? ವ್ಯಾನು ಬರ್ಲಿ." ಅವನ ಮಾತು ಸುಳ್ಳೇನಲ್ಲ.

ಮುದುಕ ಕುಪ್ಪಜ್ಜ ಎದ್ದು, "ಫೋನಿಗೆ ಬಂದ ನಂಬರು ನಂಗೆ ಯಾರು ಓದ್ಕೊಡ್ತ್ರು?" ಎಂದ. ಅವನ ಔಷಧಿಯೂ ವ್ಯಾನಿನಲ್ಲೇ ಮನೆಬಾಗಿಲಿಗೆ ಬರುತ್ತದೆ ಎಂದು ಉಮೇಶ ಹೇಳಿದ್ದೇ, "ಹಂಗಾರೆ ಆತು" ಎಂದು ಅಜ್ಜ ಕೂತುಬಿಟ್ಟ. ಉಳಿದ ಗಂಡಸರಲ್ಲಿ ಅರ್ಧ ಜನ ಗಾಳಿಗೆ ಹೆದರಿ ಬೋಟು ಬಿಗಿದು ಕಟ್ಟಲು ಹೋಗಿದ್ದರು, ಇನ್ನರ್ಧ ಜನಕ್ಕೆ ಪೋಸ್ಟಾಫೀಸು ಇದ್ದರೇನು ಬಿಟ್ಟರೇನು. ಅಣ್ಣಪ್ಪಣ್ಣ ಖಾಕಿ ಅಂಗಿ ಹಾಕಿಕೊಂಡು ಬಾಗಿಲ ಬಳಿ ನಿಂತಿದ್ದ. ಅವನಂತೂ ಇಲಾಖೆಯ ಮನುಷ್ಯ, ಮಾತಾಡುವ ಹಾಗಿರಲಿಲ್ಲ.

"ಹಾಗಾದರೆ ಆಕ್ಷೇಪ ಯಾರದೂ ಇಲ್ಲ ಎಂದು ಬರೆದುಕೊಳ್ಳಲೇ?" ಎಂದರು ಸಾಹೇಬರು.

ನಾನು ಎದ್ದೆ. ಅತ್ತೆ ಬಾಗಿಲಿಗೆ ಬರಲಾರಳು, ವ್ಯಾನಿನವನು ಒಳಗೆ ಬರಲಾರ, ಆಮೇಲೆ ಅವಳ ಪಿಂಚಣಿಯ ಗತಿ ಏನು ಎಂದೆ. ಐದು ನಾಗುಗಳಲ್ಲಿ ಯಾವ ನಾಗು ಎಂದು ವಾರಕ್ಕೊಬ್ಬ ಬರುವವನಿಗೆ ಯಾರು ಹೇಳಿಕೊಡುತ್ತಾರೆ ಎಂದೆ. "ಪಾರ್ಸೆಲ್ಲಿಗೆ ವ್ಯಾನು ಬರ್ಲಿ ಸಾರ್, ಬೇಡ ಹೇಳುದಿಲ್ಲ. ಆದ್ರೆ ನಮ್ಮ ಅಣ್ಣಪ್ಪಣ್ಣನ್ನ ಎಂತಕ್ಕೆ ತೆಗೀತ್ರಿ?" ಹೆಂಗಸರು ಚಪ್ಪಾಳೆ ತಟ್ಟಿದರು.

"ಬಹಳ ಚೆನ್ನಾಗಿ ಹೇಳಿದಿರಿ ಅಮ್ಮ. ಇದು ದಾಖಲಾಗಬೇಕು." ಅವರು ಉಮೇಶನ ತಮ್ಮ ನರೇಶನಿಗೆ ಮೊಬೈಲಿನಲ್ಲಿ ವಿಡಿಯೋ ಮಾಡಲು ಹೇಳಿದರು. "ಈಗ ಇಲ್ಲಿ ನೋಡಿ, ನಿಮ್ಮ ಹೆಸರು, ಗಂಡನ ಹೆಸರು ಹೇಳಿ, ಆಕ್ಷೇಪ ಇದೆ ಎನ್ನಿ."

ಹೊರಗೆ ಗಾಳಿ ಶಾಲೆಯ ಹೆಂಚುಗಳನ್ನು ಕಟಕಟ ಅಲ್ಲಾಡಿಸುತ್ತಿತ್ತು.

"ನಾ ಹೇಳ್ತೆ ಸಾರ್, ಅಪ್ಪನ ಹೆಸ್ರು" ಎಂದು ಅಂಕಿತಾ ಎದ್ದಳು.

"ಬೇಡ ಮಗಳೇ. ಆಕ್ಷೇಪ ಯಾರದ್ದೋ ಅವರೇ ಹೇಳಬೇಕು."

"ನನ್ನ ಅಪ್ಪನ ಹೆಸ್ರು ಹೇಳಿರೆ ಆಗುದಿಲ್ವಾ?" ಎಂದೆ.

"ನಿಮ್ಮ ಆಧಾರಿನಲ್ಲಿ ಗಂಡನ ಹೆಸರಿದೆಯಲ್ಲ, ಅದಕ್ಕೆ ಹೊಂದಬೇಕು."

ಅಣ್ಣಪ್ಪಣ್ಣ ಬಾಗಿಲಿನಿಂದ ಎರಡು ಹೆಜ್ಜೆ ಮುಂದೆ ಬಂದ. "ಸಾರ್, ಈ ಹೆಣ್ಮಗಳ ಗಂಡ..."

"ಅಣ್ಣಪ್ಪ, ನೀವು ಸಿಬ್ಬಂದಿ. ಇಲ್ಲಿ ಮಾತಾಡಬಾರದು."

ಅವನು ತಲೆ ತಗ್ಗಿಸಿದ. ಯಾವ ಹೆಸರನ್ನು ನಮ್ಮಿಂದ ಹೇಳಿಸದೆ ಅವನು ಇಷ್ಟು ವರ್ಷ ಕಾಪಾಡಿದ್ದನೋ, ಅವನನ್ನು ಉಳಿಸಿಕೊಳ್ಳಲು ಅದನ್ನೇ ಹೇಳಬೇಕಾಗಿತ್ತು. ಹೇಳದಿದ್ದರೆ ಊರಿಗೆ ಊರೇ ಒಪ್ಪಿದ ಲೆಕ್ಕ. ಹೇಳಿದರೆ? ಕಣ್ಣ ಮುಂದೆ ಬೋಟು ಬಂತು, ಅದರ ಮೇಲೆ ಬರುವ ತೆರೆ ಬಂತು. ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಹೇಮಾ ಮಾತ್ರ ನೆಲ ನೋಡುತ್ತಿದ್ದಳು.

ಹೇಳಿದೆ.

"ಆವಾಜು ಬರ್ಲಿಲ್ಲ ಸಾರ್, ಗಾಳಿ" ಎಂದ ನರೇಶ.

ಇನ್ನೊಮ್ಮೆ ಹೇಳಿದೆ. ಹೆಸರಿನ ಅರ್ಧಕ್ಕೆ ಅಳು ಬಂತು, ಅದೂ ಸರಿಯಾಗಲಿಲ್ಲವಂತೆ. ಮೂರನೆಯ ಸಲ ಇಡೀ ಶಾಲೆಗೆ ಕೇಳುವಂತೆ ಕೂಗಿ ಹೇಳಿ, ಆಕ್ಷೇಪ ಇದೆ ಎಂದೆ. ಯಾರು ಚಪ್ಪಾಳೆ ತಟ್ಟಿದರೋ ನನಗೆ ನೆನಪಿಲ್ಲ. ದಂಡೆಗೆ ಓಡಿದೆ.

ಆ ಮಧ್ಯಾಹ್ನ ನಾನು ಪಟ್ಟ ಹೆದರಿಕೆ ಶತ್ರುವಿಗೂ ಬೇಡ. ತೆರೆಯ ಮೇಲೆ ಏನೇ ಕಪ್ಪಗೆ ಕಂಡರೂ ಜೀವ ಬಾಯಿಗೆ ಬರುತ್ತಿತ್ತು. ನಾನೇ ಕೊಂದೆ, ನನ್ನ ಬಾಯೇ ಕೊಂದಿತು ಎಂದು ಮರಳಿನಲ್ಲಿ ಕುಸಿದು ಕೂತಿದ್ದೆ. ಅಂಕಿತಾ ನೀರು ಕುಡಿಸಲು ಬಂದರೆ ಅವಳ ಮುಖ ನೋಡಲೂ ಧೈರ್ಯವಾಗಲಿಲ್ಲ.

ಹೊತ್ತು ಇಳಿಯುವಾಗ ಬೋಟು ಬಂತು. ಇಂಜಿನ್ ಕೆಟ್ಟು ಹೊನ್ನಾವರದ ಕಡೆ ತೇಲಿ ಹೋಗಿದ್ದರಂತೆ, ಅಲ್ಲಿಯವರು ಎಳೆದು ತಂದರಂತೆ. ಇವರು ತದಡಿಯಿಂದ ಈಚೆ ದಡಕ್ಕೆ ದಾಟಿ ನಡೆದು ಬಂದರು. ನಾನು ಬೈದೆ, ಅತ್ತುಬಿಟ್ಟೆ, ಮೈ ಮುಟ್ಟಿ ಮುಟ್ಟಿ ನೋಡಿದೆ. ಇವರು ಮಾತ್ರ ಹಲ್ಲು ಕಿರಿಯುತ್ತಿದ್ದರು. ಸಿಗ್ನಲ್ ಸಿಕ್ಕಿದ ಕೂಡಲೇ ವಿಡಿಯೋ ಬಂದು ತಲುಪಿತ್ತು. ನರೇಶ ಊರಿನ ಗ್ರೂಪಿಗೆಲ್ಲ ಕಳಿಸಿಬಿಟ್ಟಿದ್ದ.

"ನಿನ್ನ ಬಾಯಲ್ಲಿ ನನ್ನ ಹೆಸ್ರು ಎಷ್ಟು ಚೆಂದ ಕೇಳ್ತದೆ ಮಾರಾಯ್ತಿ! ಬೋಟಿನವ್ರೆಲ್ಲ ಹಾಕ್ಕಂಡು ಹಾಕ್ಕಂಡು ಕೇಳಿರು."

"ಅಳಿಸ್ರಿ ಅದನ್ನ. ನಿಮ್ಮ ಕಾಲಿಗೆ ಬೀಳ್ತೆ."

"ಹೋಗೇ, ಹೆಸ್ರು ಹೇಳಿರೆ ಸಾಯುದಾದ್ರೆ ನಾನು ಇವತ್ತೇ ಸಾಯ್ಬೇಕಿತ್ತು."

ಸಾಯುವ ಮಾತು ಆಡಬೇಡಿ ಎಂದು ಅವರ ಬಾಯಿ ಮುಚ್ಚಿದೆ. ಅವರು ನಗುತ್ತಲೇ ಇದ್ದರು.

ಪೋಸ್ಟಾಫೀಸಿನ ವಿಚಾರ ಸದ್ಯಕ್ಕೆ ತಡೆಹಿಡಿದಿದ್ದಾರೆ ಎಂದು ಅಣ್ಣಪ್ಪಣ್ಣ ಬಂದು ಹೇಳಿದ. ಹೇಳಿ, ನನ್ನ ಮುಖ ನೋಡಲಾರದೆ ಸೈಕಲ್ ತಿರುಗಿಸಿಕೊಂಡು ಹೋದ. ಊರು ನನ್ನನ್ನು ಹೊಗಳುತ್ತಿತ್ತು. ಉಮೇಶನ ಅಂಗಡಿಯಲ್ಲಿ ಕೂತವರು ನನ್ನನ್ನು ಕಂಡರೆ ತಮಾಷೆಗೆ ವಿಡಿಯೋ ಹಾಕುತ್ತಿದ್ದರು. ಬಳಚು ಚಿಪ್ಪುಮೀನು ಆರಿಸಲು ಹೊಳೆಗಿಳಿದರೂ ದಡದಲ್ಲಿ ಯಾರದೋ ಫೋನಿನಲ್ಲಿ ನಾನೇ ಇವರ ಹೆಸರು ಕೂಗುತ್ತಿದ್ದೆ. ಇಂಜಿನ್ ನಾನು ಹೆಸರು ಹೇಳುವ ಮೊದಲೇ ಕೆಟ್ಟಿತ್ತೇನೋ, ಆದರೂ ನನ್ನ ಲೆಕ್ಕಕ್ಕೆ ಮೂರು ಸಲಕ್ಕೇ ಕೆಟ್ಟದ್ದು. ಈಗ ಎಷ್ಟು ಸಲವಾಯಿತೋ ಆ ದೇವರೇ ಬಲ್ಲ.

ಗಾಳಿ ಇಳಿದ ಮೇಲೆ ಬೋಟುಗಳು ಮತ್ತೆ ಹೊರಟವು. ನಾನು ನಮ್ಮ ಕಡೆಯ ದಂಡೆಯಲ್ಲಿ ನಿಂತಿದ್ದೆ. ತದಡಿಯಿಂದ ಬಿಟ್ಟ ಬೋಟು ಅಳಿವೆಯ ಬಾಯಿಗೆ ಬಂದಾಗ, ಯಾವಾಗಲೂ ಹಾಡು ಹಾಕುವ ಸ್ಪೀಕರಿನಲ್ಲಿ ಹಾಡಿನ ಬದಲು ನನ್ನ ದನಿ ಬಂತು. ಇವರು ಫೋನನ್ನು ಸ್ಪೀಕರಿಗೆ ಹಚ್ಚಿದ್ದರು. ನನಗೆ ಖುಷಿಯಾಗಲೆಂದೇ ಮಾಡಿದ್ದು, ಪಾಪ. ನಾನು ನೀರಿಗಿಳಿದು ಮೊಣಕಾಲು ಮುಳುಗುವವರೆಗೆ ಓಡಿದೆ. "ಹೋಯ್! ನಿಲ್ಸ್ರಿ! ನಿಲ್ಸ್ರಿ ಅದನ್ನ!" ಎಂದು ಕಿರುಚಿದೆ. ಅಷ್ಟು ಬೋಟುಗಳ ಸದ್ದಿನಲ್ಲಿ, ಅಷ್ಟು ಜನ ಹೋಯ್ ಎಂದು ಕೂಗುವಲ್ಲಿ, ಇವರಿಗೆ ಕೇಳಲಿಲ್ಲ. ಬೆನ್ನು ಹಾಕಿ ಬಲೆ ಸರಿಮಾಡುತ್ತಿದ್ದರು.

ಹೆಸರು ಹಿಡಿದು ಕೂಗಿದ್ದರೆ ತಿರುಗಿ ನೋಡುತ್ತಿದ್ದರು. ನಾನು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ನಿಂತೆ. ಬೋಟು ಅಳಿವೆ ದಾಟಿತು, ಅದರ ಸ್ಪೀಕರಿನಲ್ಲಿ ನಾನು ಅವರನ್ನು ಕರೆಯುತ್ತಲೇ ಇದ್ದೆ.