ಜಂಬಕ್ಕನ ನಾಲ್ಕು ಮಕ್ಕಳು

ಮಾರ್ಚ್ ತಿಂಗಳು ಬಂತೆಂದರೆ ಸರಕಾರಕ್ಕೆ ಹೆಂಗಸರ ಹೊಟ್ಟೆಯ ನೆನಪಾಗುತ್ತದೆ. ಈ ಮಾತನ್ನು ನರ್ಸ್ ನಾಗಲಿಂಗಮ್ಮ ಮೊದಲೆಲ್ಲ ಬಾಯಿಬಿಟ್ಟೇ ಆಡುತ್ತಿದ್ದಳು, ಅದೂ ಮೇಲಿನವರ ಎದುರಿಗೇ. ಎಪ್ಪತ್ತಾರನೇ ಇಸವಿಯಲ್ಲಿ ಮಾತ್ರ ಆ ಬಾಯಿ ಕಟ್ಟಿತು. ಮಕ್ಕಳಾಗದ ಆಪರೇಶನ್ನಿನ ಲೆಕ್ಕ ತುಂಬಿಲ್ಲವೆಂದು ಅವಳ ಎರಡು ತಿಂಗಳ ಪಗಾರ ತಡೆಹಿಡಿದಿದ್ದರು. ಲಕ್ವ ಹೊಡೆದ ಗಂಡ ಹರಪನಹಳ್ಳಿಯಲ್ಲಿ ತಂಗಿಯ ಮನೆಯಲ್ಲಿ ಮಲಗಿದ್ದ. ಅವನ ಔಷಧಿ ನಿಂತು ಹದಿನೈದು ದಿನವಾಗಿತ್ತು.

ಉಜ್ಜಿನಿಯಿಂದ ಕೊಟ್ಟೂರಿಗೆ ಹೋಗುವ ದಾರಿ ಬಿಟ್ಟು ಒಂದು ಹರದಾರಿ ಒಳಗೆ ನಡೆದರೆ ಕರೇಕಲ್ಲಹಳ್ಳಿ. ಅಲ್ಲಿ ಅವಳ ಉಪಕೇಂದ್ರ. ಕೇಂದ್ರವೇನು, ಒಂದು ಕೋಣೆ, ಒಂದು ಮಂಚ, ಸೂಜಿ ಕುದಿಸಲು ಒಂದು ಸ್ಟೋವು. ಇಪ್ಪತ್ತನೇ ತಾರೀಖು ಹೆಲ್ತ್ ಇನ್ಸ್‌ಪೆಕ್ಟರ್ ಪಾಲಾಕ್ಷಪ್ಪ ಸೈಕಲ್ ಒರಗಿಸಿ ಒಳಗೆ ಬಂದವನು ನೀರು ಕೂಡ ಕೇಳಲಿಲ್ಲ.

"ಹನ್ನೆರಡು ಅಂದ್ರ ಹನ್ನೆರಡು ಆಪರೇಶನ್ನು ಆಗಬೇಕು ನಾಗಲಿಂಗಮ್ಮಾರೆ. ನಿಮ್ಮವು ಹನ್ನೊಂದು ಆಗ್ಯಾವ. ಮೂವತ್ತೊಂದರೊಳಗ ಇನ್ನೊಂದು ಬರಲಿಲ್ಲಂದ್ರ ನಿಮ್ಮ ಸೆಂಟರಿನ ಗ್ರ್ಯಾಂಟು ವಾಪಸ್ ಹೋಗತೈತಿ. ಔಷಧಿ ಇಲ್ಲ, ಹೆರಿಗಿ ಸಾಮಾನಿಲ್ಲ, ನಿಮ್ಮ ಪಗಾರನೂ ಇಲ್ಲ."

"ಹೆಂಗಸ್ರನ್ನ ಏನು ಸಂತ್ಯಾಗ ಹಿಡಕೊಂಡು ಬರ್ಲೇನ್ರಿ?"

"ಎಲ್ಲ್ಯಾರ ಹಿಡೀರಿ. ನನ್ನ ಪಗಾರಾನೂ ನಿಂತೈತಿ, ನನ್ನ ಮ್ಯಾಲೆ ಸಿಟ್ಟಾಗಬ್ಯಾಡ್ರಿ," ಎಂದು ಅವನು ಹೋದ.

ಪಟ್ಟಿಯಲ್ಲಿ ಉಳಿದಿದ್ದದ್ದು ಒಂದೇ ಹೆಸರು, ಹುಲುಗಣ್ಣನ ಕಿರಿಯ ಹೆಂಡತಿ ಹಂಪಕ್ಕ. ಹುಲುಗಣ್ಣ ಕೊಟ್ಟೂರಿನ ಶೇಂಗಾ ಮಿಲ್ಲಿನಲ್ಲಿ ಹಮಾಲಿ. ವಾರಕ್ಕೊಮ್ಮೆ ಊರಿಗೆ ಬರುವವನು. ಮನೆಯಲ್ಲಿ ಇಬ್ಬರು ಹೆಂಡಿರು, ಒಡಹುಟ್ಟಿದ ಅಕ್ಕತಂಗಿಯರು. ಹಿರಿಯಳು ಜಂಬಕ್ಕನಿಗೆ ಮದುವೆಯಾಗಿ ಒಂಬತ್ತು ವರ್ಷವಾದರೂ ಹೊಟ್ಟೆ ತುಂಬಲಿಲ್ಲ. ಯಾರೋ ಹೊರಗಿನವಳು ಸವತಿಯಾಗಿ ಬರುವುದಕ್ಕಿಂತ ತನ್ನ ರಕ್ತವೇ ಬರಲಿ ಎಂದು ತಾನೇ ತವರಿಗೆ ಹೋಗಿ ತಂಗಿಯ ಕೈಹಿಡಿದು ಕರೆತಂದಳು. ಹಂಪಕ್ಕ ಎಂಟು ವರ್ಷದಲ್ಲಿ ನಾಲ್ಕು ಹೆತ್ತಳು. ಆ ಕಡೆಯ ರೂಢಿ ಹೇಗೆಂದರೆ, ಇಂಥ ಮನೆಯಲ್ಲಿ ಹುಟ್ಟಿದ ಕೂಸನ್ನು ಮೊದಲು ಹಿರಿಯಳ ಉಡಿಗೆ ಹಾಕುತ್ತಾರೆ. ಹೆತ್ತವಳು ಹಾಲು ಕೊಡುವುದು ಆಮೇಲೆ. ಮಕ್ಕಳು ಜಂಬಕ್ಕನನ್ನು ಅವ್ವ ಅನ್ನುತ್ತವೆ, ಹೆತ್ತವಳನ್ನು ಸಣ್ಣವ್ವ ಅನ್ನುತ್ತವೆ. ಶಾಲೆಯ ಪುಸ್ತಕದಲ್ಲೂ ತಾಯಿಯ ಹೆಸರು ಜಂಬಕ್ಕ ಎಂದೇ ಇತ್ತು. ಊರಿನಲ್ಲಿ ಯಾರಿಗೂ ಇದರಲ್ಲಿ ಸುಳ್ಳು ಕಾಣುತ್ತಿರಲಿಲ್ಲ.

ನಾಗಲಿಂಗಮ್ಮ ಹೋದಾಗ ಹಂಪಕ್ಕ ಐದು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದ್ದಳು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಬಿಳಿ ಸುಣ್ಣ. ಕೊನೆಯ ಹೆರಿಗೆಯಲ್ಲಿ ಹೋದ ರಕ್ತ ಇನ್ನೂ ತುಂಬಿರಲಿಲ್ಲ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ಒಂದು ಬಸುರು ಬೇರೆ ಇಳಿದುಹೋಗಿತ್ತು. ಇನ್ನೊಂದು ಹೆತ್ತರೆ ಇವಳು ಉಳಿಯುವುದಿಲ್ಲ ಎಂದು ನಾಗಲಿಂಗಮ್ಮ ಕೂಸು ಹುಟ್ಟಿದ ದಿನವೇ ಹೇಳಿದ್ದಳು. ಆಪರೇಶನ್ ಆಗಬೇಕಾದವಳು ನಿಜವಾಗಿ ಇವಳೇ. ಆದರೆ ಈ ಸ್ಥಿತಿಯಲ್ಲಿ ಮೇಜಿನ ಮೇಲೆ ಮಲಗಿಸಿದರೆ ಎದ್ದು ಬರುತ್ತಾಳೆಂಬ ನಂಬಿಕೆ ಇರಲಿಲ್ಲ.

"ಈ ವರ್ಷ ಬ್ಯಾಡ," ಎಂದು ನಾಗಲಿಂಗಮ್ಮ ತಾನೇ ಅಂದಳು. ಅಂದವಳು ಎದ್ದು ಹೋಗಲಿಲ್ಲ. ಕಂಬಕ್ಕೆ ಒರಗಿ ಕೂತು ಪಗಾರದ ವಿಷಯ, ಗಂಡನ ವಿಷಯ, ಗ್ರ್ಯಾಂಟಿನ ವಿಷಯ ಎಲ್ಲ ಹೇಳಿಕೊಂಡಳು. ಏಕೆ ಹೇಳಿದೆನೋ ಎಂದು ಆಮೇಲೆ ಎಷ್ಟು ಸಲ ಹಣೆ ಚಚ್ಚಿಕೊಂಡಳೋ!

ಜಂಬಕ್ಕ ಒಲೆಯ ಮುಂದಿನಿಂದ ಎದ್ದು ಬಂದಳು. ಮೂವತ್ತೈದರ ಹೆಂಗಸು, ಗಟ್ಟಿಮುಟ್ಟು. ಸೆರಗಿನ ಗಂಟಿನಿಂದ ಹುಣಸೆ ಚಿಗುರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಲೇ ಕೇಳಿದಳು:

"ನನ್ನ ಕರಕೊಂಡು ಹೋದ್ರ ನಡಿಯಂಗಿಲ್ಲೇನ್ರಿ ನರ್ಸಮ್ಮಾರೆ?"

"ನಿನ್ನನ್ನ? ನಿನಗ್ಯಾಕವ್ವ ಆಪರೇಶನ್ನು?"

"ಯಾಕಂದ್ರ? ನನಗ ನಾಲ್ಕು ಮಕ್ಕಳಿಲ್ಲೇನು? ಶಾಲ್ಯಾಗ ಹೋಗಿ ಕೇಳ್ರಿ ಬೇಕಾದ್ರ. ಈ ಬರಡು ಹೊಟ್ಟಿ ಇದ್ದು ಯಾರಿಗೆ ಉಪಯೋಗ ಐತಿ, ಕೊಯ್ಯಲಿ ಬಿಡ್ರಿ. ನಿಮ್ಮ ಲೆಕ್ಕ ತುಂಬಲಿ. ಹಂಪಿಗೆ ವರ್ಷದ ಮಟ್ಟಿಗೆ ಮೈತುಂಬ ರಗತ ಆಗಲಿ, ಮುಂದಿನ ವರ್ಷ ಆಕಿನ್ನ ಒಯ್ಯೀರಂತ."

"ಅಕ್ಕಾ, ಹುಚ್ಚು ಹಿಡದೈತೇನು?" ಎಂದು ಹಂಪಕ್ಕ ಕೂಗಿದಳು.

"ನೀ ಸುಮ್ಕಿರಲೇ. ನೀ ಸತ್ತರ ಇವಕ್ಕ ಹಾಲು ನಾ ಕೊಡ್ಲೇನು?"

ನಾಗಲಿಂಗಮ್ಮ ತಪ್ಪೆಂದು ಗೊತ್ತಿದ್ದೂ ಚೀಲದಿಂದ ಅರ್ಜಿ ತೆಗೆದಳು. ತಡೆಯುವ ಮನಸ್ಸಿದ್ದರೆ ಆ ಗಳಿಗೆಯಲ್ಲೇ ತಡೆಯಬಹುದಿತ್ತು. ಹೆಸರು, ಗಂಡನ ಹೆಸರು, ಬದುಕಿರುವ ಮಕ್ಕಳು ನಾಲ್ಕು. ಆಮೇಲಿನ ಕಲಮು, ಕೊನೆಯ ಮುಟ್ಟಿನ ತಾರೀಖು. ಬೇರೆ ಹನ್ನೊಂದು ಹೆಂಗಸರನ್ನೂ ಕಿವಿಯ ಹತ್ತಿರ ಬಾಗಿ ಕೇಳಿ ಬರೆದುಕೊಂಡವಳು, ಇವಳನ್ನು ಕೇಳಲಿಲ್ಲ. ಹದಿನೇಳು ವರ್ಷ ಬಸುರಾಗದವಳನ್ನು ಏನು ಕೇಳುವುದು? ಅದೂ ಕೇಳಿದರೆ ನೊಂದುಕೊಳ್ಳುತ್ತಾಳೆ ಎಂದುಕೊಂಡು, ಹತ್ತು ದಿನ ಹಿಂದಿನ ತಾರೀಖನ್ನು ತಾನೇ ಹಾಕಿದಳು.

ಶನಿವಾರ ಹುಲುಗಣ್ಣ ಬಂದಾಗ ಅವನ ಹೆಬ್ಬೆಟ್ಟೂ ಆಯಿತು. "ಹೆಂಡ್ರಿಬ್ರೂ ಮಾತಾಡಿಕೊಂಡ ಮ್ಯಾಲೆ ನಂದೇನೈತ್ರಿ," ಎಂದ.

ಇಪ್ಪತ್ತೊಂಬತ್ತರಂದು ಹೋಬಳಿಯ ಶಾಲೆಯೊಂದರಲ್ಲಿ ಕ್ಯಾಂಪು. ಮಕ್ಕಳಿಗೆ ರಜೆ ಕೊಟ್ಟು, ಬೆಂಚು ಜೋಡಿಸಿ, ಕರಿಹಲಗೆಯ ಮೇಲೆ ಹೆಸರು ಬರೆದಿದ್ದರು. ನಲವತ್ತೆಂಟು ಹೆಂಗಸರು, ಇಬ್ಬರು ಡಾಕ್ಟರು. ಜೀಪುಗಳು ಒಂದರ ಹಿಂದೊಂದು ಬಂದು ಇಳಿಸಿ ಹೋಗುತ್ತಿದ್ದವು. ನಾಗಲಿಂಗಮ್ಮನಿಗೆ ಹಿತ್ತಲಲ್ಲಿ ಕತ್ತರಿ, ಚಿಮಟ ಕುದಿಸುವ ಕೆಲಸ ಹಚ್ಚಿದರು. ಜಂಬಕ್ಕನ ಹೆಸರು ಕೂಗಿದಾಗ ಅವಳು ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಜಂಬಕ್ಕ ಬಾಗಿಲಿನಿಂದ ಇಣುಕಿ, "ಹೋಗಿ ಬರ್ತೀನ್ರಿ ನರ್ಸಮ್ಮಾರೆ," ಎಂದು ನಕ್ಕು ಒಳಗೆ ಹೋದಳು.

ಇಳಿಹೊತ್ತಿಗೆ ಪಾಲಾಕ್ಷಪ್ಪ ಕೇಸ್ ಪೇಪರುಗಳ ಕಟ್ಟು ಹಿಡಿದು ಬಂದ. ಮುಖದಲ್ಲಿ ಕಳೆ ಬಂದಿತ್ತು. "ಮುಗೀತ್ರಿ, ನಿಮ್ಮ ಹನ್ನೆರಡು ತುಂಬಿತು. ಇವನ್ನ ರಿಜಿಸ್ಟರಿಗೆ ಏರಿಸ್ರಿ."

ಕೊನೆಯ ಪೇಪರು ಜಂಬಕ್ಕನದು. ಡಾಕ್ಟರ ಅಕ್ಷರ ಓದುವುದು ನಾಗಲಿಂಗಮ್ಮನಿಗೆ ರೂಢಿಯಾಗಿತ್ತು. ಒಂದು ಸಲ ಓದಿದಳು. ಇನ್ನೊಂದು ಸಲ ಓದಿದಳು. ಹನ್ನೊಂದು ವಾರದ ಗರ್ಭ, ಗರ್ಭ ತೆಗೆದು ನಾಳ ಕಟ್ಟಿದೆ, ಎಂದಿತ್ತು.

ಅದನ್ನು ಬರೆದ ಡಾಕ್ಟರ ಹತ್ತಿರ ಹೋದಳು. ಅವರು ಕೈ ತೊಳೆದುಕೊಂಡು, ಬೆಳಗಿನಿಂದ ಮೊದಲ ಸಲ ಕುರ್ಚಿಯ ಮೇಲೆ ಕೂತಿದ್ದರು.

"ಸಾರ್, ಬಸರು ತೆಗದದ್ದು... ಆಕಿನ್ನ ಕೇಳಿದ್ರೇನ್ರಿ?"

"ಮತ್ತಿನ ಸೂಜಿ ಕೊಟ್ಟಾದ ಮೇಲೆ ಗೊತ್ತಾಯ್ತು ಸಿಸ್ಟರ್. ಮಲಗಿರೋರನ್ನ ಏನು ಕೇಳಲಿ? ನಾಲ್ಕು ಮಕ್ಕಳು ಅಂತ ನೀವೇ ಬರೆದಿದ್ದೀರಿ. ಈ ತಿಂಗಳೇ ಮುಟ್ಟಾಗಿದ್ದಾಳೆ ಅಂತಲೂ ನೀವೇ ಬರೆದಿದ್ದೀರಿ. ಐದನೇದು ಬೇಡ ಅಂತ ತಾನೇ ಇಲ್ಲಿಗೆ ಬಂದಿರೋದು? ಇಂಥವು ಇವತ್ತು ಮೂರು ಆಯ್ತು." ಅವರು ಅವಳ ಮುಖ ನೋಡಿದರು. "ಯಾಕೆ, ಏನಾದ್ರೂ ತೊಂದರೆ ಇದೆಯಾ?"

ಕೆಟ್ಟ ಮನುಷ್ಯನಲ್ಲ ಅವರು. ದಣಿದ ಮನುಷ್ಯ. ಬಯ್ಯಲಿಕ್ಕಾದರೂ ಒಬ್ಬ ಕೆಟ್ಟವನು ಸಿಕ್ಕಿದ್ದರೆ ನಾಗಲಿಂಗಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು. "ಏನಿಲ್ಲ ಸಾರ್," ಎಂದು ಹೊರಗೆ ಬಂದು, ಬೇವಿನ ಗಿಡದ ಕೆಳಗೆ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಹದಿನೇಳು ವರ್ಷ ಆ ಹೆಂಗಸು ಹರಕೆ ಹೊರದ ದೇವರಿಲ್ಲ, ಕಟ್ಟಿಸಿಕೊಳ್ಳದ ತಾಯತವಿಲ್ಲ. ಕೊನೆಗೆ ಬಂದದ್ದನ್ನು ತಾನು ಎರಡು ಸಾಲು ಬರೆದು ಕಳೆದುಬಿಟ್ಟಳು.

ಐದು ದಿನ ಜಂಬಕ್ಕ ಶಾಲೆಯ ಚಾಪೆಯ ಮೇಲೆ ಮಲಗಿದಳು. ನಾಗಲಿಂಗಮ್ಮ ಗಂಜಿ ಕುಡಿಸಿದಳು, ಬಟ್ಟೆ ಬದಲಿಸಿದಳು, ಮಾತು ಮಾತ್ರ ಆಡಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ಜೀಪು ಬಂದು ಎಲ್ಲರನ್ನೂ ಊರಿಗೆ ಬಿಟ್ಟಿತು.

ಎಂಟನೆಯ ದಿನ ಹೊಲಿಗೆ ಬಿಚ್ಚಬೇಕು. ಅದರ ಹಿಂದಿನ ಸಂಜೆ ಪಾಲಾಕ್ಷಪ್ಪ ಮತ್ತೆ ಬಂದ, ಕೈಯಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ.

"ಬಸರು ತೆಗದದ್ದಕ್ಕ ಬ್ಯಾರೆ ಒಪ್ಪಿಗಿ ಪತ್ರ ಬೇಕಂತ. ಹೆಬ್ಬಟ್ಟು ಇಲ್ಲಂದ್ರ ಆಡಿಟ್ಟಿನಾಗ ಆ ಕೇಸು ಹೊಡದಾಕ್ತಾರ. ಹೊಡದಾಕಿದ್ರ ಹನ್ನೊಂದ ಆತು. ಗ್ರ್ಯಾಂಟು ಹೋತು, ಪಗಾರನೂ ಹೋತು. ಹಿಂದಿನ ತಾರೀಖು ಹಾಕಿ ತರ್ರಿ."

ಹಾಳೆಯಲ್ಲಿ ಏನಿತ್ತೆಂದರೆ, ಈ ಗರ್ಭ ನನಗೆ ಬೇಡ, ನನ್ನ ಸ್ವಂತ ಇಚ್ಛೆಯಿಂದ ತೆಗೆಸಿಕೊಳ್ಳುತ್ತಿದ್ದೇನೆ, ಎಂದು. ನಾಗಲಿಂಗಮ್ಮ ಅದನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ನಾಳೆ ಇದನ್ನು ಓದಿ ಹೇಳಿಯೇ ಹೆಬ್ಬೆಟ್ಟು ಕೇಳುತ್ತೇನೆ, ಆಮೇಲೆ ಆಕೆ ಕಾಲಿನ ಕೆರ ತೆಗೆದುಕೊಂಡು ಹೊಡೆದರೂ ಹೊಡೆಯಲಿ, ಎಂದು ಗಟ್ಟಿ ಮನಸ್ಸು ಮಾಡಿದಳು.

ಬೆಳಿಗ್ಗೆ ಹೋದರೆ ಜಂಬಕ್ಕ ಪಡಸಾಲೆಯಲ್ಲಿ ಕೂಸನ್ನು ಪಕ್ಕಕ್ಕೆ ಹಾಕಿಕೊಂಡು ಮಲಗಿದ್ದಳು. ಹೊಲಿಗೆ ಬಿಚ್ಚುವಾಗ ಒಂದು ಸಲವೂ ನರಳಲಿಲ್ಲ. ಬಿಚ್ಚಿ ಮುಗಿದ ಮೇಲೆ ಇವಳ ತೋಳು ಹಿಡಿದು ಹತ್ತಿರ ಎಳೆದಳು.

"ಒಂದು ಮಾತು ಹೇಳ್ತೀನಿ, ನಗಬಾರ್ದು. ನನ್ನ ಮುಟ್ಟು ಎಳ್ಳಮವಾಸಿಯಿಂದ ನಿಂತಬಿಟ್ಟಿತ್ತು. ಇಷ್ಟು ಲಗೂನ ಮುದುಕಿ ಆದ್ನಲ್ಲ ಅಂತ ಅತ್ತಿದ್ದೆ, ಯಾರಿಗೂ ಹೇಳಿದ್ದಿಲ್ಲ. ಆಪರೇಶನ್ ಆದ ದಿನಾನ ತಿರುಗಿ ಬಂತು ನೋಡ್ರಿ! ಇನ್ನೂ ಹೊಂಟೈತಿ. ನಿಮ್ಮ ಡಾಕ್ಟರು ಛಲೋ ಮನಷ್ಯಾ."

ನಾಗಲಿಂಗಮ್ಮ ಹೇಳಬೇಕೆಂದು ಬಾಯಿ ತೆರೆದಳು. ಆ ನಗುಮುಖಕ್ಕೆ ಎದುರಾಗಿ ಮಾತೇ ಹೊರಡಲಿಲ್ಲ. ಕೈ ತಾನಾಗಿ ಚೀಲಕ್ಕೆ ಹೋಯಿತು.

"ಇಲ್ಲೊಂದು ಹೆಬ್ಬಟ್ಟು ಒತ್ತವ್ವ."

"ಏನ್ರಿ ಇದು?"

"ಸರಕಾರದ ಕಾಗದ. ಹೊಲಿಗಿ ಬಿಚ್ಚಿದ್ದಕ್ಕ."

ಜಂಬಕ್ಕ ಎಡಗೈ ಚಾಚಿದಳು. ನಾಗಲಿಂಗಮ್ಮ ಆ ಬೆರಳಿಗೆ ಮಸಿ ಹಚ್ಚಿ, ಹಾಳೆಯ ಮೇಲೆ ತಾನೇ ಒತ್ತಿಸಿದಳು. ಅಲ್ಲಿಗೆ ಅವಳ ಪಗಾರ ಬಂತು, ಗಂಡನ ಔಷಧಿ ಬಂತು. ತನ್ನ ಮೇಲೆ ತನಗೇ ಹೇಸಿಕೆ ಬಂತು.

ಹೊರಗೆ ಬಂದರೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಹಂಪಕ್ಕ ನಿಂತಿದ್ದಳು. ಕೈ ಮೊಣಕೈವರೆಗೂ ಒದ್ದೆ. ನಾಗಲಿಂಗಮ್ಮ ತಲೆ ತಗ್ಗಿಸಿ ದಾಟಿ ಹೋಗಬೇಕೆನ್ನುವಷ್ಟರಲ್ಲಿ ಅಡ್ಡ ಬಂದಳು.

"ಅಕ್ಕನ ಬಟ್ಟಿ ನಾನ ಒಗಿಯಾಕತ್ತೀನ್ರಿ. ನಾಲ್ಕು ಹಡದಾಕಿ, ಒಂದು ಕಳಕೊಂಡಾಕಿ. ಮುಟ್ಟಿನ ರಗತ ಯಾವುದು, ಇದು ಯಾವುದು ಅಂತ ನನಗ ತಿಳಿಯಂಗಿಲ್ಲೇನು?"

ನಾಗಲಿಂಗಮ್ಮ ಚೀಲವನ್ನು ಕಂಕುಳಿಗೆ ಒತ್ತಿಕೊಂಡಳು.

"ದಿನಾ ಹುಣಸಿ ಚಿಗರು ತಿಂತಿದ್ಲು. ಒಗ್ಗರಣಿ ವಾಸನಿಗೆ ಮೂಗು ಮುಚ್ಚಿಗೊಂತಿದ್ಲು. ಬ್ಯಾಸಿಗಿ ಝಳ ಅಂತ ಸುಮ್ನಿದ್ದೆ. ಅಕ್ಕ ಬಸರಾಗಬಹುದು ಅಂತ ನನ್ನ ತಲ್ಯಾಗ ಬರಲೇ ಇಲ್ಲ. ಯಾರ ತಲ್ಯಾಗೂ ಬರಲಿಲ್ಲ." ಅವಳು ಮನೆಯ ಕಡೆ ನೋಡಿ ದನಿ ತಗ್ಗಿಸಿದಳು. "ಆಕಿಗೆ ಹೇಳಿದ್ರೇನು?"

"ಇಲ್ಲವ್ವ."

"ಹೇಳಬ್ಯಾಡ್ರಿ. ಹೇಳಿದ್ರ ಬಾವಿ ಬೀಳ್ತಾಳ."

ನಾಗಲಿಂಗಮ್ಮನ ಎದೆಯ ಮೇಲಿನ ಕಲ್ಲು ಸರಿದ ಹಾಗಾಯಿತು. ಸರಿದದ್ದಕ್ಕೇ ಅವಳಿಗೆ ನಾಚಿಕೆಯಾಯಿತು. ಏನಾದರೂ ಒಳ್ಳೆಯದನ್ನು ಮಾಡಬೇಕೆನ್ನಿಸಿ ಅಂದಳು: "ಕಬ್ಬಿಣದ ಗುಳಿಗಿ ಕಳಸ್ತೀನಿ, ದಿನಾ ನುಂಗು ಹಂಪಿ. ಮೈಯಾಗ ರಗತ ಆಗಲಿ. ಮುಂದಿನ ವರ್ಷ ನಾನ ನಿಂತು ನಿನಗ ಆಪರೇಶನ್ ಮಾಡಸ್ತೀನಿ. ಅಲ್ಲೀತನಕ ಹುಲುಗಣ್ಣನ ಹತ್ರ ಮಲಗಬ್ಯಾಡ."

"ಗುಳಿಗಿ ಕಳಸ್ರಿ, ನುಂಗ್ತೀನಿ. ಆಪರೇಶನ್ ಮಾತು ಈ ಮನ್ಯಾಗ ಇನ್ನ ಎತ್ತಬ್ಯಾಡ್ರಿ." ಹಂಪಕ್ಕ ಸೆರಗಿನಿಂದ ಕೈ ಒರೆಸಿಕೊಂಡಳು. "ನನ್ನ ಸಲುವಾಗಿ ಹೋಗಿ ಕಳಕೊಂಡು ಬಂದಾಳ. ಇನ್ನೊಂದು ಹಡದು ಆಕಿ ಉಡಿಯಾಗ ಹಾಕ್ತೀನಿ. ಅದಕ್ಕ ನಾ ಹಾಲೂ ಕುಡಸಂಗಿಲ್ಲ. ಆಕಳ ಹಾಲು ಹಾಕಿ ಆಕೀನ ಬೆಳಸಲಿ."

"ಇನ್ನೊಂದು ಹಡದ್ರ ನೀ ಉಳಿಯಂಗಿಲ್ಲಲೇ! ಎಷ್ಟು ಸರ್ತಿ ಹೇಳೀನಿ ನಿನಗ?"

"ಗೊತ್ತೈತ್ರಿ," ಎಂದಳು ಹಂಪಕ್ಕ.

ಒಳಗೆ ಕೂಸು ಅಳತೊಡಗಿತು. ಅದನ್ನು ಎತ್ತಿಕೊಂಡ ಜಂಬಕ್ಕ, ಹಾಲಿಗೆ ಹೊತ್ತಾಯಿತು ಬಾರೇ ಎಂದು ತಂಗಿಯನ್ನು ಕೂಗಿದಳು. ಹಂಪಕ್ಕ ಒಳಗೆ ಹೋದಳು.