ಗೊಂಚಲಣ್ಣ ತೋರಿಸದ ಬಾಗಿಲು

ಬೆಳಗಿನಿಂದ ಹದಿಮೂರು ಸುತ್ತು ಆಗಿತ್ತು. ಗೊಂಚಲಣ್ಣನ ಕಾಲುಗಳು ಪದ ಹೇಳುತ್ತಿದ್ದವು, ನಾಲಿಗೆ ಒಣಗಿತ್ತು. ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಅಟೆಂಡರ್. ಸೊಂಟದಲ್ಲಿ ಸದಾ ತೂಗುವ ಬೀಗದಕೈ ಗೊಂಚಲಿನಿಂದಾಗಿ ಅವನ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಬಿಟ್ಟರೆ ಇನ್ನೆಲ್ಲೂ ಉಳಿದಿರಲಿಲ್ಲ.

ದಾಖಲಾತಿ ಶುರುವಾಯಿತೆಂದರೆ ಅವನಿಗೆ ಇನ್ನೊಂದು ಕೆಲಸ: ಬಂದವರಿಗೆಲ್ಲ ಕಾಲೇಜು ತೋರಿಸುವುದು. ಪೂರ್ತಿ ಅಲ್ಲ ಮತ್ತೆ! ಏಳೇ ಏಳು ಕೋಣೆ, ಅದೂ ಪ್ರಿನ್ಸಿಪಾಲರು ಗೊತ್ತುಮಾಡಿದ ದಾರಿಯಲ್ಲೇ. ಹೊಸ ಬಣ್ಣ ಬಳಿದ ಸಭಾಂಗಣ, ಕಂಪ್ಯೂಟರ್ ಕೋಣೆ, ಲೈಬ್ರರಿಯ ಮುಂದಿನ ಎರಡು ಸಾಲು, ಹೀಗೆ. ಮೇಲಿನ ಮಹಡಿಯ ಕೊನೆಯ ಬಾಗಿಲು ಬಂದಾಗ ಮಾತ್ರ ಹೆಜ್ಜೆ ಚುರುಕು ಮಾಡಬೇಕು. ಅದು ಕೆಮಿಸ್ಟ್ರಿ ಲ್ಯಾಬು. ಐದು ವರ್ಷದ ಹಿಂದೆ ಗ್ಯಾಸ್ ಪೈಪು ಸೋರಿ ಬೀಗ ಬಿದ್ದದ್ದು ಬಿದ್ದೇ ಇದೆ. ಇದ್ದೊಬ್ಬ ಮೇಷ್ಟ್ರೂ ಕೆಲಸ ಬಿಟ್ಟು ಹೋದರು. ಯಾರಾದರೂ ಕೇಳಿದರೆ 'ಕ್ಲೀನಿಂಗ್ ನಡೀತಿದೆ' ಅನ್ನಬೇಕು. ಐದು ವರ್ಷದ ಕ್ಲೀನಿಂಗು! ಅಷ್ಟು ತಿಕ್ಕಿದ್ದರೆ ಗೋಡೆಯೇ ಸವೆದು ಹೋಗಬೇಕಿತ್ತು.

ಹದಿನಾಲ್ಕನೆಯ ಸುತ್ತಿಗೆ ಬಂದು ನಿಂತವಳು ಅವನ ಅಕ್ಕನ ಚಿಕ್ಕ ಮಗಳು. ಅಂಕಪಟ್ಟಿಗಳ ಫೈಲನ್ನು ಎದೆಗವಚಿಕೊಂಡಿದ್ದಳು.

"ಅಮ್ಮ ಕಳಿಸಿದ್ಳು ಮಾವ. ಎರಡು ಕಡೆ ಸೀಟು ಸಿಕ್ಕಿದೆ. ಇಲ್ಲೊಂದು, ಬಸ್ಸಲ್ಲಿ ಒಂದೂವರೆ ಗಂಟೆ ದೂರದಲ್ಲೊಂದು. ಸಂಜೆ ಐದರ ಒಳಗೆ ಎಲ್ಲಾದ್ರೂ ಒಂದು ಕಡೆ ಒರಿಜಿನಲ್ ಕೊಡ್ಬೇಕು. ಕೊಟ್ರೆ ಮೂರು ವರ್ಷ ವಾಪಸ್ ಸಿಗಲ್ಲ. ಮಾವ ಹೇಳಿದ ಕಡೆ ಸೇರ್ಕೋ ಅಂದ್ಳು."

ಅವಳಿಗೆ ಬೇಕಾದದ್ದು ಕೆಮಿಸ್ಟ್ರಿ. ನಾಲ್ಕು ವರ್ಷದ ಹಿಂದೆ ಅವಳ ಅಕ್ಕನಿಗೂ ಅದೇ ಬೇಕಾಗಿತ್ತು. ಆಗ ಗೊಂಚಲಣ್ಣನೇ ಮುಂದೆ ನಿಂತು ಇಲ್ಲಿಗೆ ಸೇರಿಸಿದ್ದ. ಲ್ಯಾಬು ಇವತ್ತಲ್ಲ ನಾಳೆ ತೆಗೆದಾರು ಅಂದುಕೊಂಡಿದ್ದ. ದೊಡ್ಡವಳು ಒಂದು ದಿನವೂ ತುಟಿಪಿಟಕ್ಕೆನ್ನದೆ ಓದಿ ಪಾಸಾಗಿ ಹೋದಳು. ಈಗ ಬಟ್ಟೆ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ. ಕೆಲಸ ಸಿಗುವುದು ಹಣೆಬರಹ ಅಂತ ಗೊಂಚಲಣ್ಣ ಸಮಾಧಾನ ಮಾಡಿಕೊಂಡಿದ್ದ.

ಗಂಟೆ ಒಂದೂವರೆಯಾಗಿತ್ತು. "ಬಾ" ಅಂದು ಹೊರಟ. ಕಾಲು ತಾನಾಗಿಯೇ ಆ ದಾರಿ ಹಿಡಿಯಿತು, ಬಾಯಿ ತಾನಾಗಿಯೇ ಗಿಳಿಪಾಠ ಒಪ್ಪಿಸಿತು. "ಇದು ಸಭಾಂಗಣ, ನಾನೂರು ಜನ ಕೂರಬಹುದು. ಇದು ಕಂಪ್ಯೂಟರ್ ಕೋಣೆ..." ಸ್ವಂತ ಅಕ್ಕನ ಮಗಳಿಗೂ ಅದೇ ರಾಗ! ದಣಿದ ಮನುಷ್ಯನಿಗೆ ರೂಢಿಗಿಂತ ದೊಡ್ಡ ಯಜಮಾನ ಇಲ್ಲ.

ಕೊನೆಯ ಬಾಗಿಲ ಮುಂದೆ ಹುಡುಗಿ ನಿಂತೇಬಿಟ್ಟಳು.

"ಇದೇನು ಮಾವ?"

"ಕ್ಲೀನಿಂಗ್ ನಡೀತಿದೆ," ಅಂದ.

ಅವಳು ಬೀಗವನ್ನೊಮ್ಮೆ ನೋಡಿದಳು, ಅವನ ಸೊಂಟದ ಗೊಂಚಲನ್ನೊಮ್ಮೆ ನೋಡಿದಳು. ಗೊಂಚಲಣ್ಣ ಅದನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡ. ಥೂ, ಯಾರಿಗೆ ಹೇಳುತ್ತಿದ್ದೇನೆ ಈ ಮಾತನ್ನು! ಈ ಸಲ ಸೀಟು ತುಂಬದಿದ್ದರೆ ನಿಮ್ಮ ಕೆಲಸಕ್ಕೆ ನಾನು ಹೊಣೆಯಲ್ಲ ಅಂತ ಬೆಳಿಗ್ಗೆಯಷ್ಟೇ ಪ್ರಿನ್ಸಿಪಾಲರು ಎಚ್ಚರಿಸಿದ್ದರು. ಎಚ್ಚರಿಸಲಿ. ಅವನು ಗೊಂಚಲು ಬಿಚ್ಚಿದ. ತುಕ್ಕು ಹಿಡಿದ ಬೀಗ ಮೂರು ಸಲ ಜಗ್ಗಿದ ಮೇಲೆ ಬಾಯಿ ಬಿಟ್ಟಿತು.

ಒಳಗೆ ಬೆರಳು ಮುಳುಗುವಷ್ಟು ಧೂಳು. ಐದು ವರ್ಷದ ಹಿಂದಿನ ಕ್ಯಾಲೆಂಡರು, ಒಣಗಿದ ನಲ್ಲಿ, ತಲೆಕೆಳಗಾಗಿ ಪೇರಿಸಿದ ಸ್ಟೂಲುಗಳು. ಹುಡುಗಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ.

"ನಂಗೆ ಗೊತ್ತಿತ್ತು ಮಾವ. ಅಕ್ಕ ಹೇಳಿದ್ಳು. ಮೂರು ವರ್ಷವೂ ಹಳೇ ರೆಕಾರ್ಡ್ ಪುಸ್ತಕ ನೋಡಿ ರೀಡಿಂಗ್ ಕಾಪಿ ಮಾಡಿದ್ರಂತೆ. ಔಷಧಿ ಫ್ಯಾಕ್ಟರಿಗೆ ಇಂಟರ್‌ವ್ಯೂಗೆ ಹೋದ್ಳಲ್ಲ, ಅಲ್ಲಿ ಬ್ಯೂರೆಟ್ ಅನ್ನೋ ಗಾಜಿನ ಕೊಳವೆ ಕೈಗೆ ಕೊಟ್ಟು ಆಸಿಡ್ ಅಳೆದು ತೋರ್ಸು ಅಂದ್ರಂತೆ. ಇವಳಿಗೆ ಅದರ ತಿರುಪು ಯಾವ ಕಡೆ ತಿರುಗಿಸ್ಬೇಕು ಅಂತಾನೇ ಗೊತ್ತಾಗಲಿಲ್ಲ. ಎದ್ದು ಬಂದ್ಬಿಟ್ಳು."

"ಕೆಲಸ ಬೇರೆಯೋರಿಗೆ ಆಯ್ತು ಅಂದಿದ್ಳಲ್ಲೇ!"

"ಮಾವನಿಗೆ ಹೇಳ್ಬೇಡ, ನೊಂದ್ಕೋತಾರೆ ಅಂತ ಆಣೆ ಹಾಕಿಸ್ಕೊಂಡಿದ್ಳು. ಅಮ್ಮನಿಗೂ ಹೇಳಿಲ್ಲ."

ಗೊಂಚಲಣ್ಣ ಒಂದು ಸ್ಟೂಲು ಇಳಿಸಿಕೊಂಡು ಧೂಳಿನ ಮೇಲೇ ಕುಸಿದು ಕೂತ. "ಎಲ್ಲ ಗೊತ್ತಿದ್ದೂ ಬಂದದ್ದಾದ್ರೂ ಯಾಕೆ?" ಅಂದ.

"ಅಮ್ಮನಿಗೆ ನಿಮ್ಮ ಮಾತೇ ಮಾತು. ನೀವು ಚೆನ್ನಾಗಿದೆ ಅಂದಿದ್ರೆ ನಾನು ಇಲ್ಲೇ ಸೇರ್ಬೇಕಿತ್ತು. ಬಾಗಿಲು ತೆಗೀತೀರೋ ಇಲ್ವೋ ನೋಡೋಣ ಅಂತ ಬಂದೆ."

ಗೊಂಚಲಣ್ಣ ನೆಲ ನೋಡುತ್ತಲೇ ಹೇಳಿದ. "ಎರಡೂ ಇಪ್ಪತ್ತಕ್ಕೆ ಬಸ್ಸಿದೆ, ಹತ್ಕೋ. ಅಲ್ಲಿ ನನ್ನಂಥೋನು ಯಾರಾದ್ರೂ ಸುತ್ತಿಸೋಕೆ ಬಂದ್ರೆ ಹಿಂದೆ ಹೋಗ್ಬೇಡ. ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಲ್ಯಾಬ್ ಮೇಜು ನೋಡು, ಆಸಿಡ್ ಕಲೆ ಇದ್ರೆ ಕೆಲಸ ನಡೀತಿದೆ ಅಂತ. ಎರಡನೇ ವರ್ಷದ ಹುಡುಗೀರ್ನ ಹಿಡಿದು ಮೇಷ್ಟ್ರು ಬರ್ತಾರಾ ಅಂತ ಕೇಳು. ಸರಿ ಅನ್ನಿಸಿದ್ರೇನೇ ಫೈಲ್ ಕೊಡು."

"ಸೇರಿದ ಮೇಲೆ?"

"ತಿಳೀದೇ ಇದ್ದಾಗ ತಲೆ ಆಡಿಸ್ಬೇಡ, ಎದ್ದು ಕೇಳು. ನಗೋರು ನಗ್ಲಿ. ನಿನ್ನ ಕೈಯಲ್ಲಿ ಮಾಡದ್ದನ್ನ ಬರೀಬೇಡ. ಅಟೆಂಡರ್ ಹತ್ರ ಚೆನ್ನಾಗಿರು, ಯಾವ ಬೀಗ ಯಾವಾಗ ತೆಗೀತಾರೆ ಅಂತ ಅವನಿಗೇ ಗೊತ್ತಿರೋದು. ಮತ್ತೆ... ಏನಾದ್ರೂ ಸರಿ ಇಲ್ದಿದ್ರೆ ಮನೇಲಿ ಬಾಯಿ ಬಿಟ್ಟು ಹೇಳು. ಯಾರ ಮರ್ಯಾದೆ ಉಳಿಸೋಕೂ ಸುಮ್ನಿರಬೇಡ."

ಹುಡುಗಿ ಅವನ ಭುಜ ಮುಟ್ಟಿ, ದಡದಡ ಮೆಟ್ಟಿಲಿಳಿದು ಹೋದಳು.

ಕೆಳಗಿನಿಂದ ಕ್ಲರ್ಕು ಕೂಗಿದ. "ಗೊಂಚಲಣ್ಣಾ, ಇನ್ನೊಂದು ಪಾರ್ಟಿ ಬಂದಿದೆ! ಎಲ್ಲಿ ಸತ್ತೆ ಮಾರಾಯಾ?"

ಅವನು ಏಳಲಿಲ್ಲ. ಅಕ್ಕನಿಗೆ ಫೋನು ಹಚ್ಚಿದ.

"ಚಿಕ್ಕವಳನ್ನ ಆ ಕಡೆ ಕಾಲೇಜಿಗೆ ಕಳಿಸ್ದೆ ಅಕ್ಕ."

"ಯಾಕೋ? ದೊಡ್ಡವಳು ನಿಮ್ಮಲ್ಲೇ ಚೆನ್ನಾಗಿ ಓದಿದ್ಳಲ್ಲ!"

ಗೊಂಚಲಣ್ಣನ ಕಣ್ಣು ಮೇಜಿನ ಮೇಲೆ ನೆಟ್ಟಿತ್ತು. ಅದರಲ್ಲಿ ದೊಡ್ಡವಳ ಕೈಯ ಒಂದು ಕಲೆಯೂ ಇರಲಿಲ್ಲ.

"ಇವತ್ತು ಅವಳಿಗೆ ಅಂಗಡಿ ರಜಾ ಅಲ್ವಾ? ಫೋನು ಅವಳಿಗೆ ಕೊಡಕ್ಕ," ಅಂದ. "ನಾನು ಅವಳ ಹತ್ರ ತಪ್ಪಾಯ್ತು ಅನ್ಬೇಕು."